ಸಿಡಿಲಿನ ಮೇಲೊಂದು ಕೆಂಪು

ಹೈದರಾಬಾದಿನ ಮೇಲೆ ಗುಡುಗು ಮೋಡ ಕಟ್ಟಿತೆಂದರೆ ಶಹಾಪುರ ತಾಲ್ಲೂಕಿನ ವನದುರ್ಗಕ್ಕೆ ಅದು ಸುಮಾರು 200 ಕಿ.ಮೀ. ದೂರ. ಸದ್ದು ಇಲ್ಲಿಗೆ ಮುಟ್ಟುವುದಿಲ್ಲ, ದಿಗಂತದ ಅಂಚಿನಲ್ಲಿ ಬರೀ ಮಿಂಚು. ‘ಎಲ್ಲೋ ಮಳಿ ಹೊಡಿಲಾಕತ್ತದ’ ಎಂದು ಕಣ್ಣು ಅಲ್ಲಿಗೇ ನಿಲ್ಲುತ್ತದೆ. ನೋಡಬೇಕಾದದ್ದು ಇನ್ನೂ ಮೇಲಿದೆ. ಚಾಚಿದ ಕೈಯ ಎರಡು ಮುಷ್ಟಿಯಷ್ಟು ಮೇಲೆ, ನೆಲದಿಂದ 50ರಿಂದ 90 ಕಿ.ಮೀ. ಎತ್ತರದಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಹೊಳೆದು ಆರುವ ಕೆಂಪು ಬೆಳಕು. ಅದರ ಹೆಸರು ಸ್ಪ್ರೈಟ್. ಬರಿಗಣ್ಣಿಗೆ ಬೀಳುವುದು ಅಪರೂಪ. ಚಂದ್ರನಿಲ್ಲದ ರಾತ್ರಿ, ಊರ ದೀಪಗಳಿಂದ ದೂರ ಕ್ಯಾಮೆರಾ ಹೂಡಿ, ಮೋಡದ ಅಬ್ಬರ ಇಳಿಯುವವರೆಗೂ ಕಾಯಬೇಕು.

ಇದನ್ನು 1925ರಲ್ಲೇ ಊಹಿಸಿದವರು ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್. ಮೋಡದ ವಿದ್ಯುತ್ ಕ್ಷೇತ್ರ ಮೇಲೆ ಹೋದಂತೆ ಕುಗ್ಗುತ್ತದೆ, ನಿಜ. ಆದರೆ ಗಾಳಿ ಅದಕ್ಕಿಂತ ಬೇಗ ತೆಳುವಾಗುತ್ತದೆ; ಎಲ್ಲೋ ಒಂದೆಡೆ ಅಷ್ಟು ಕ್ಷೀಣ ಕ್ಷೇತ್ರಕ್ಕೂ ಗಾಳಿ ಸೋಲಲೇಬೇಕು ಎಂಬುದು ಅವರ ತರ್ಕ. ಸಾಕ್ಷಿ ಸಿಕ್ಕಿದ್ದು 1989ರ ಜುಲೈ 6ರಂದು, ಅಕಸ್ಮಾತ್ತಾಗಿ. ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ತಂಡ ರಾಕೆಟ್ ಪ್ರಯೋಗಕ್ಕೆಂದು ಕ್ಯಾಮೆರಾ ಪರೀಕ್ಷಿಸುತ್ತಿತ್ತು. 1994ರಲ್ಲಿ ವಿಮಾನದಿಂದ ಬಣ್ಣದ ಚಿತ್ರಗಳು ಬಂದವು. ಮೇಲೆ ಕೆಂಪು, ಕೆಳಗಿನ ಎಳೆಗಳು ನೀಲಿ.

ಹೀಗೇಕೆ ಎಂಬುದಕ್ಕೆ ಉತ್ತರ ಆ ಚಿತ್ರಗಳಿಗಿಂತ ಎಷ್ಟೋ ಹಳೆಯದು. ಹೊಳೆಯುವ ಅಯೋಡಿನ್ ಆವಿಗೆ ಬೇರೆ ಅನಿಲ ಬೆರೆಸಿದರೆ ಹೊಳಪು ಕುಂದುವುದನ್ನು ವುಡ್ ಮತ್ತು ಫ್ರಾಂಕ್ 1911ರಲ್ಲಿ ಕಂಡಿದ್ದರು. 1919ರಲ್ಲಿ ಓಟೊ ಸ್ಟರ್ನ್, ಮ್ಯಾಕ್ಸ್ ಫೋಲ್ಮರ್ ಅದಕ್ಕೊಂದು ಲೆಕ್ಕ ಕೊಟ್ಟರು. ಶಕ್ತಿ ಹೀರಿ ಉದ್ರೇಕಗೊಂಡ ಅಣು ಬೆಳಕು ಸೂಸಬೇಕು. ಅಷ್ಟರೊಳಗೆ ಇನ್ನೊಂದು ಅಣು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಂಡರೆ ಬೆಳಕಿಲ್ಲ.

ಸ್ಪ್ರೈಟಿನ ಕೆಂಪು ನೈಟ್ರೋಜನ್ನಿನದು. ಆ ಬೆಳಕು ಹೊರಬೀಳಲು ಕೆಲವು ಮೈಕ್ರೋಸೆಕೆಂಡ್ ಬೇಕು. ನೆಲಮಟ್ಟದ ಗಾಳಿಯಲ್ಲಾದರೆ ಒಂದೊಂದು ಮೈಕ್ರೋಸೆಕೆಂಡಿನಲ್ಲೂ ಅಣುವಿಗೆ ಸಾವಿರಾರು ಡಿಕ್ಕಿ, ಕೆಂಪಿಗೆ ಪುರುಸೊತ್ತೇ ಇಲ್ಲ. 70 ಕಿ.ಮೀ. ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದರಲ್ಲಿ ಸುಮಾರು 15 ಸಾವಿರದ ಒಂದು ಪಾಲು. ಅಲ್ಲಿ ಕೆಂಪು ಬದುಕುತ್ತದೆ. ನೀಲಿ ಸೂಸುವ ಸ್ಥಿತಿಗೆ ಸುಮಾರು 40 ನ್ಯಾನೋಸೆಕೆಂಡ್ ಸಾಕು, ಹಾಗಾಗಿ ಅದು ಇನ್ನೂ ಕೆಳಗಿನ ದಟ್ಟ ಗಾಳಿಯಲ್ಲೂ ಉಳಿಯುತ್ತದೆ. ಗಾಳಿಯ ದಟ್ಟಣೆ ಹೀಗೆ ಬಣ್ಣವಾಗಿ ಕಾಣುವುದು ನನಗೆ ಸ್ಪ್ರೈಟಿಗಿಂತಲೂ ದೊಡ್ಡ ಬೆರಗು.

2004ರಲ್ಲಿ ಹಾರಿದ ತೈವಾನಿನ ಫಾರ್ಮೊಸ್ಯಾಟ್-2 ಉಪಗ್ರಹ ಈ ಬಣ್ಣಗಳನ್ನು ಬೇರೆಬೇರೆಯಾಗಿ ಅಳೆಯಿತು. ಅವುಗಳ ಅನುಪಾತದಿಂದ ಅಲ್ಲಿನ ವಿದ್ಯುತ್ ಕ್ಷೇತ್ರ ತಿಳಿಯಬೇಕಾದರೆ, ಡಿಕ್ಕಿಯಲ್ಲಿ ಹೋದ ಬೆಳಕನ್ನು ಸ್ಟರ್ನ್–ಫೋಲ್ಮರ್ ಲೆಕ್ಕದಿಂದ ಮೊದಲು ಕೂಡಿಸಿಕೊಳ್ಳಲೇಬೇಕು.