ಫ್ಲೋರೈಡ್ ಹೇಳಿದ ಗುಟ್ಟು

ನಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನನಗೆ ಚಿಕ್ಕಂದಿನಿಂದಲೂ ರೂಢಿ. ಹಲ್ಲಿನ ಮೇಲೆ ಕಂದು ಕಲೆಗಳಿವೆ. ನಮ್ಮದು ಮುಂಡರಗಿ ತಾಲ್ಲೂಕಿನ ಹಳ್ಳಿ. ಬೋರ್‌ವೆಲ್ ನೀರಿನ ಫ್ಲೋರೈಡ್ ಕೊಟ್ಟ ಬಳುವಳಿ ಇದು.

ಗದಗ-ಬೆಟಗೇರಿಯ ಕಾಲೇಜಿನಲ್ಲಿ ಎಂ.ಎಸ್ಸಿ. ಸೆಮಿನಾರಿಗೆ ‘ಹೈಡ್ರೋಜನ್ ಇಂಧನ ಕೋಶ’ ನನ್ನ ಪಾಲಿಗೆ ಬಂತು. ‘ನಮ್ಮೂರಿಗೆ ಬಸ್ಸ ಸರಿಯಾಗಿ ಬರಂಗಿಲ್ಲ, ಹೈಡ್ರೋಜನ್ ಯಾವಾಗ ಬರಬೇಕ?’ ಎಂದಳು ಲಕ್ಷ್ಮೇಶ್ವರದ ಗೆಳತಿ. 2024ರ ಜನವರಿಯಲ್ಲಿ ಇಸ್ರೊ 100 ವ್ಯಾಟ್‌ನ ಇಂಧನ ಕೋಶವನ್ನು ಬಾಹ್ಯಾಕಾಶದಲ್ಲಿ ಪರೀಕ್ಷಿಸಿದ್ದನ್ನು ಹೇಳಿದೆ. ಅವಳು ಒಪ್ಪಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ, ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತಾ ಓದತೊಡಗಿದೆ. ಈ ಕೋಶದ ಜೀವ ಇರುವುದು ಒಂದು ಪೊರೆಯಲ್ಲಿ. ಒಂದು ಬದಿ ಹೈಡ್ರೋಜನ್, ಇನ್ನೊಂದು ಬದಿ ಆಮ್ಲಜನಕ. ಹೈಡ್ರೋಜನ್ನಿನ ಪ್ರೋಟಾನ್ ಪೊರೆ ದಾಟುತ್ತದೆ. ಎಲೆಕ್ಟ್ರಾನ್ ತಂತಿಯಲ್ಲಿ ಸುತ್ತಿ ಬರುವಾಗ ವಿದ್ಯುತ್ ಸಿಗುತ್ತದೆ. ಕೊನೆಗೆ ಹೊರಬೀಳುವುದು ನೀರು. ಹೆಚ್ಚು ಬಳಕೆಯಲ್ಲಿರುವ ‘ನಾಫಿಯಾನ್’ ಪೊರೆಯಲ್ಲಿ 25 ಮೈಕ್ರಾನ್ ದಪ್ಪದ್ದೂ ಇದೆ, ಕೂದಲೆಳೆಗಿಂತ ತೆಳು. ಲಾರಿಯ ಇಂಧನ ಕೋಶ 25,000 ಗಂಟೆ ಬಾಳಬೇಕೆಂಬುದು ಅಮೆರಿಕದ ಇಂಧನ ಇಲಾಖೆ 2030ಕ್ಕೆ ಇಟ್ಟುಕೊಂಡ ಗುರಿ.

ಬಾಳುವುದು ಸುಲಭವಲ್ಲ. ಗಾಡಿಯ ವೇಗ ಏರಿಳಿದಂತೆಲ್ಲ ಪೊರೆ ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಕೊನೆಗೊಮ್ಮೆ ನಮ್ಮ ಎರೆ ಹೊಲದಂತೆ ಬಿರುಕು ಬಿಡುತ್ತದೆ. ಇನ್ನೊಂದು ಪೆಟ್ಟು ರಾಸಾಯನಿಕದ್ದು. ಒಳಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ತುಸು ಕಬ್ಬಿಣದ ಅಂಶ ಸೇರಿದರೆ ಸಾಕು, ಅದರಿಂದ ಪೊರೆಯ ಸರಪಳಿ ಕಡಿಯುವ ರ‍್ಯಾಡಿಕಲ್‌ಗಳು ಹುಟ್ಟುತ್ತವೆ.

ಹೊರಗಿನಿಂದ ಇದಾವುದೂ ಕಾಣದು. ಹಾಗಾದರೆ ಗೊತ್ತಾಗುವುದು ಹೇಗೆ? ಮುಂದಿನ ಸಾಲು ಓದಿ ಪುಸ್ತಕ ಮುಚ್ಚಿದೆ. ನಾಫಿಯಾನ್ ಎಂದರೆ ಇಂಗಾಲ ಮತ್ತು ಫ್ಲೋರಿನ್ ಹೆಣೆದ ಸರಪಳಿ. ಅದು ಕಡಿದಾಗ ಹೊರಬರುವ ನೀರಿನಲ್ಲಿ ಫ್ಲೋರೈಡ್ ಸೇರುತ್ತದೆ. ಸಂಶೋಧಕರು ಅದನ್ನು ಅಳೆದು, ತೂತು ಬೀಳುವ ಮೊದಲೇ ಪೊರೆ ಎಷ್ಟು ಸವೆದಿದೆ ಎಂದು ತಿಳಿಯುತ್ತಾರೆ.

ನನಗೆ ನಮ್ಮೂರ ಶುದ್ಧ ಕುಡಿಯುವ ನೀರಿನ ಘಟಕ ನೆನಪಾಯಿತು. ಅದರೊಳಗೂ ಪೊರೆಯಿದೆ, ಕೆಲಸ ಬೇರೆ: ಬೋರ್ ನೀರಿನ ಫ್ಲೋರೈಡನ್ನು ತಡೆಯುವುದು. ಕಾಯಿನ್ ಹಾಕಿದರೆ ನೀರು ಬರುತ್ತದೆ. ಪೊರೆ ಕೆಟ್ಟಿದ್ದರೂ ಬರುತ್ತದೆ. ರುಚಿಯಲ್ಲಿ ಫ್ಲೋರೈಡ್ ಗೊತ್ತಾಗದು. ಮರುದಿನ ಒಂದು ಬಾಟಲಿ ನೀರನ್ನು ಕಾಲೇಜಿನ ಲ್ಯಾಬಿಗೆ ಒಯ್ದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5. ಮೀಟರ್ ತೋರಿಸಿದ್ದು ಅದಕ್ಕೂ ಹೆಚ್ಚು. ಬರೆದುಕೊಂಡು ಹೋಗಿ ಪಂಚಾಯಿತಿಗೆ ಕೊಟ್ಟೆ. ಪೊರೆ ಇನ್ನೂ ಬದಲಾಗಿಲ್ಲ. ತಿಂಗಳಿಗೊಮ್ಮೆ ಬಾಟಲಿ ಒಯ್ಯುವುದನ್ನು ನಾನೂ ಬಿಟ್ಟಿಲ್ಲ. ಈಗ ಶಿರಹಟ್ಟಿಯ ಸಹಪಾಠಿಯೂ ತನ್ನೂರ ನೀರು ತರುತ್ತಾನೆ.

ಸೆಮಿನಾರಿನಲ್ಲಿ ಸರ್ ಕೇಳಿದರು, ‘ಕೋಶ ಬಿಚ್ಚದೆ ಪೊರೆ ಸವೆದದ್ದನ್ನು ಹೇಗೆ ತಿಳಿಯುತ್ತೀರಿ?’

‘ಫ್ಲೋರೈಡ್, ಸರ್’ ಎಂದು ನಕ್ಕೆ. ಕೈ ಬಾಯಿಗೆ ಹೋಗಲಿಲ್ಲ.