ತೋಟಾ ತುಂಬುವ ಮುನ್ನ ಪುಸ್ತಕ ತೆರೆಯಿರಿ

ಈಡು ಹಾರಿದ ಮೇಲೆ ಗುಂಡು ಹೋಯಿತು, ಮದ್ದು ಉರಿದುಹೋಯಿತು, ಕಿಡಿ ಕೊಟ್ಟ ಪ್ರೈಮರ್‌ನ ಕೆಲಸವೂ ಮುಗಿಯಿತು. ರೈಫಲ್‌ನಿಂದ ಹೊರಬೀಳುವ ಹಿತ್ತಾಳೆಯ ಕೇಸ್ ಮಾತ್ರ ಮತ್ತೆ ಬಳಕೆಗೆ ಬರುತ್ತದೆ. ಅಮೆರಿಕದ ಜಿಂಕೆ ಬೇಟೆಗಾರರಲ್ಲಿ ಹಲವರು ಅದನ್ನು ಜೋಪಾನವಾಗಿ ಎತ್ತಿಟ್ಟು, ಮನೆಯ ಗ್ಯಾರೇಜಿನಲ್ಲಿ ಮತ್ತೆ ತುಂಬಿಕೊಳ್ಳುತ್ತಾರೆ. ರೀಲೋಡಿಂಗ್ ಎಂಬ ಈ ಹವ್ಯಾಸಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆಯಿದೆ.

ಕೊರತೆಯ ದಿನಗಳು ಇದನ್ನು ಬೆಳೆಸಿದವು. ಎರಡನೇ ಮಹಾಯುದ್ಧದ ನಡುವೆ ಗುಂಡು ಸಿಗದಿದ್ದಾಗ, 1943ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಹಾರಿಸಿ ಬಿಸಾಡಿದ .22 ಕೇಸ್‌ಗಳಿಂದಲೇ ಗುಂಡಿನ ಹೊದಿಕೆ ಮಾಡುವ ಅಚ್ಚು ರೂಪಿಸಿದರು. ಆರ್‌ಸಿಬಿಎಸ್ ಕಂಪನಿ ಹುಟ್ಟಿದ್ದು ಹಾಗೆ. ಯುದ್ಧ ಮುಗಿದಾಗ ಕ್ಯಾನ್ಸಸ್‌ನ ಬ್ರೂಸ್ ಹಾಜ್ಡನ್ ಸೈನ್ಯದಲ್ಲಿ ಮಿಕ್ಕ ಮದ್ದನ್ನು ಕೊಂಡು ಬೇಟೆಗಾರರಿಗೆ ಮಾರಿದರು.

ಹಣ ಉಳಿಯುತ್ತದೆಂದು ಕೈಹಾಕುವವರೇ ಹೆಚ್ಚು. ನನಗೆ ಅದು ಗಟ್ಟಿ ಕಾರಣವಾಗಿ ಕಾಣುವುದಿಲ್ಲ. ಕೇಸ್ ಒತ್ತುವ ಪ್ರೆಸ್, ಅದನ್ನು ಅಳತೆಗೆ ತರುವ ಡೈ, ತಕ್ಕಡಿ, ಕ್ಯಾಲಿಪರ್ ಎಲ್ಲ ಕೊಂಡ ಮೇಲೆ, ವರ್ಷಕ್ಕೆ ಬೆರಳೆಣಿಕೆಯಷ್ಟು ಈಡು ಹಾರಿಸುವವರಿಗೆ ಹಾಕಿದ ದುಡ್ಡು ಬೇಗ ಹಿಂತಿರುಗದು. ತನ್ನದೇ ರೈಫಲ್‌ಗೆ ಒಗ್ಗುವ ತೋಟಾ ಕಟ್ಟಿಕೊಂಡು, ಪ್ರಾಣಿ ನರಳದಂತೆ ಒಂದೇ ಈಡಿಗೆ ಕೆಡಹುವುದು ಗೌರವದ ಕಾರಣ.

ಅದಕ್ಕೆ ಮೊದಲು ಬೇಕಾದದ್ದು ಪ್ರೆಸ್ ಅಲ್ಲ, ಮದ್ದು ಮತ್ತು ಗುಂಡು ತಯಾರಕರು ಅಚ್ಚುಹಾಕಿಸುವ ಕೈಪಿಡಿ. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಕೈಪಿಡಿಯಲ್ಲಿ ಪ್ರತಿ ಗುಂಡಿಗೂ ಆರಂಭದ ತೂಕ ಮತ್ತು ಗರಿಷ್ಠ ತೂಕ ಇರುತ್ತವೆ. ಹೊಸಬರು ಕೆಳಗಿನಿಂದಲೇ ಶುರುಮಾಡಿ ಸ್ವಲ್ಪಸ್ವಲ್ಪವಾಗಿ ಏರಬೇಕು. ಪ್ರೈಮರ್ ಚಪ್ಪಟೆಯಾದರೆ, ಬೋಲ್ಟ್ ಎತ್ತಲು ಬಿಗಿಯಾದರೆ ಒತ್ತಡ ಮಿತಿಮೀರುತ್ತಿದೆ ಎಂದರ್ಥ; ಅಲ್ಲಿಗೇ ನಿಲ್ಲಿಸಬೇಕು. .30-06 ತೋಟಾಕ್ಕೆ ಅಮೆರಿಕದ ಉದ್ಯಮ ಸಂಸ್ಥೆ ಸಾಮಿ ಗೊತ್ತುಮಾಡಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡ್. ಅಷ್ಟು ಬಲ ನಿಮ್ಮ ಮುಖದ ಪಕ್ಕದಲ್ಲೇ ಬಿಡುಗಡೆಯಾಗುತ್ತದೆ.

ಹೆಸರು ಓದುವುದರಲ್ಲೂ ಅಪಾಯವಿದೆ. ಎಚ್4831 ಮತ್ತು ಐಎಂಆರ್ 4831 ಎಂಬ ಎರಡು ಮದ್ದುಗಳ ಅಂಕಿ ಒಂದೇ, ಆದರೆ ಎರಡನೆಯದು ಬೇಗ ಉರಿಯುತ್ತದೆ. ಮೊದಲಿನದರ ಗರಿಷ್ಠ ತೂಕವನ್ನು ಎರಡನೆಯದಕ್ಕೆ ಹಾಕಿದರೆ ಬಂದೂಕೇ ಸಿಡಿಯಬಹುದು. ಆದ್ದರಿಂದ ಮೇಜಿನ ಮೇಲೆ ಒಮ್ಮೆಗೆ ಒಂದೇ ಡಬ್ಬಿ ಇರಲಿ. ಗುಂಡು ಬದಲಾದರೂ ಇದೇ ಮಾತು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಬೇಟೆಯ ಅವಶೇಷ ತಿಂದ ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದವು. ಆ ಹಕ್ಕಿಗಳಿಗಾಗಿ ತಂದ ಈ ಕಾನೂನು ಸರಿಯೆಂದೇ ನನ್ನ ನಿಲುವು. ಆದರೆ ಅದೇ ತೂಕದ ತಾಮ್ರದ ಗುಂಡು ಸೀಸದ್ದಕ್ಕಿಂತ ಉದ್ದ, ಕೇಸಿನೊಳಗೆ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಅದಕ್ಕೆಂದೇ ಕೊಟ್ಟ ಲೆಕ್ಕವನ್ನೇ ನೋಡಬೇಕು.

ಹಿತ್ತಾಳೆಗೂ ಆಯುಸ್ಸಿದೆ. ಪ್ರತಿ ಸಲ ಹಾರಿಸಿ ಡೈಯಲ್ಲಿ ಒತ್ತಿದಾಗ ಕೇಸ್ ಹಿಗ್ಗುತ್ತದೆ, ಬುಡದ ಮೇಲ್ಭಾಗದಲ್ಲಿ ಗೋಡೆ ತೆಳುವಾಗುತ್ತದೆ. ಅಲ್ಲಿ ಹೊಳೆಯುವ ಗೆರೆಯೊಂದು ಸುತ್ತಿಕೊಂಡರೆ ಕೇಸ್ ತುಂಡಾಗುವ ಸೂಚನೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಎಳೆದು ನೋಡಿದರೆ ಆ ತಗ್ಗು ಕೈಗೆ ಸಿಗುತ್ತದೆ. ಪ್ರೈಮರ್‌ನಲ್ಲೂ ಸೀಸವಿರುವುದರಿಂದ ಮೇಜಿನ ಬಳಿ ತಿಂಡಿ ಬೇಡ, ಕೆಲಸ ಮುಗಿದೊಡನೆ ಕೈ ತೊಳೆಯಿರಿ.

ಇದೆಲ್ಲ ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಎಚ್-1ಬಿಯಂಥ ವೀಸಾದಲ್ಲಿ ಅಮೆರಿಕಕ್ಕೆ ಹೋದ ಕನ್ನಡಿಗರೂ ಎಚ್ಚರದಿಂದಿರಬೇಕು. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕಿರಲಿ, ತೋಟಾ ಇಟ್ಟುಕೊಳ್ಳುವುದನ್ನೂ ಅಲ್ಲಿನ ಫೆಡರಲ್ ಕಾನೂನು ಒಪ್ಪುವುದಿಲ್ಲ.

ಹಕ್ಕಿರುವವರಿಗೆ ಒಂದೇ ಕೋರಿಕೆ: ಚೀಟಿ ಕಿತ್ತುಹೋದ ಡಬ್ಬಿಯ ಮದ್ದನ್ನು ಎಂದೂ ಬಳಸಬೇಡಿ. ನೀವೇ ತುಂಬಿದ ತೋಟಾದ ಮೇಲೆ ಎಳ್ಳಷ್ಟು ಅನುಮಾನ ಬಂದರೂ ಹಾರಿಸಲು ಹೋಗಬೇಡಿ, ಬಿಚ್ಚಿಬಿಡಿ.