ಕರೆ ಬಂದದ್ದೋ, ನಾವು ಮಾಡಿದ್ದೋ?

ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆಗೆ ದಿನಕ್ಕೊಂದು ದರ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಬಂಟಕಲ್ಲು, ಶಿರ್ವ, ಇನ್ನಂಜೆ, ಕಟಪಾಡಿಯ ಬೆಳೆಗಾರರು ಅಂದಂದಿನ ದರವನ್ನು ಈಗ ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ. ಹೂವಿನ ಹಣವೂ ಎಷ್ಟೋ ಮನೆಗಳಿಗೆ ಮೊಬೈಲಿನ ಮೂಲಕವೇ ಬರುತ್ತದೆ. ಹೂ ಕಟ್ಟುತ್ತ ಜಗಲಿಯಲ್ಲಿ ಕೂತ ಹೆಂಗಸಿನ ಪಕ್ಕದಲ್ಲಿರುವ ಆ ಫೋನು ಅವಳ ಬ್ಯಾಂಕೂ ಹೌದು, ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮಗನ ದನಿಯೂ ಹೌದು. ವಂಚಕನಿಗೆ ಅವಳ ಮನೆಯೊಳಗೆ ಬರಲು ಇರುವ ದಾರಿಯೂ ಅದೇ.

ಈ ಸೀಮೆಗೆ ಹಣಕಾಸಿನ ವ್ಯವಹಾರ ಹೊಸತಲ್ಲ. ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ್ದು 1906ರಲ್ಲಿ. ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು 1925ರಲ್ಲಿ, ಅದೂ ಉಡುಪಿಯಲ್ಲೇ. ಅದರ ಪಿಗ್ಮಿ ಠೇವಣಿ 1928ರಲ್ಲಿ ಶುರುವಾಯಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದ. ಅವನು ಯಾರ ಮಗ, ಎಲ್ಲಿಯವನು, ಯಾವ ದೈವಕ್ಕೆ ನಡೆದುಕೊಳ್ಳುವವನು ಎಂಬುದು ಊರಿಗೇ ಗೊತ್ತಿತ್ತು. ಮುಖ ನೋಡಿ, ದನಿ ಕೇಳಿ, ನಂಬಿ ಹಣ ಕೊಡುವ ಈ ಕ್ರಮದಲ್ಲಿ ತಪ್ಪೇನೂ ಇರಲಿಲ್ಲ. ಎರಡು ಬ್ಯಾಂಕುಗಳೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು, ಹೆಸರು ಹೋಯಿತು. ಆ ನಂಬಿಕೆಯ ಅಭ್ಯಾಸ ಮಾತ್ರ ಜನರಲ್ಲಿ ಉಳಿದಿದೆ. ಫೋನಿನಲ್ಲಿ ಈ ಅಭ್ಯಾಸಕ್ಕೆ ಆಧಾರವಿಲ್ಲ. ಪರದೆಯ ಮೇಲೆ ಕಾಣುವ ನಂಬರನ್ನು ಬೇರೆ ನಂಬರಿನಂತೆ ತೋರಿಸಬಹುದು. ವಾಟ್ಸಾಪಿನಲ್ಲಿ ಪೊಲೀಸ್ ಅಧಿಕಾರಿಯ ಫೋಟೋ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಬ್ಬರ ದನಿಯ ಚಿಕ್ಕ ತುಣುಕು ಸಿಕ್ಕರೆ ಅದೇ ದನಿಯಲ್ಲಿ ಹೊಸ ಮಾತು ಆಡಿಸುವ ತಂತ್ರವೂ ಬಂದಿದೆ.

ಆದ್ದರಿಂದ ಎದುರಿನವರು ಒಳ್ಳೆಯವರೋ ಕೆಟ್ಟವರೋ ಎಂದು ಅಳೆಯುವ ಕೆಲಸವನ್ನೇ ಬಿಟ್ಟುಬಿಡಬೇಕು. ಅದರ ಬದಲು ಒಂದೇ ಪ್ರಶ್ನೆ: ಈ ಮಾತನ್ನು ಶುರು ಮಾಡಿದ್ದು ಯಾರು? ಅವರಾಗಿ ಬಂದ ಕರೆ, ಅವರಾಗಿ ಬಂದ ಸಂದೇಶ ಎಂದಾದರೆ ಅದರಲ್ಲಿ ಹಣದ ಮಾತು, ಗುಟ್ಟಿನ ಸಂಖ್ಯೆ, ಹೊಸ ಆ್ಯಪ್, ಅವಸರ ಇವುಗಳಲ್ಲಿ ಯಾವುದೇ ಬಂದರೂ ಇಟ್ಟುಬಿಡಿ. ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ಅಚ್ಚಾದ ನಂಬರಿಗೆ ನೀವೇ ಕರೆ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲ ‘ಕಸ್ಟಮರ್ ಕೇರ್’ ನಂಬರು ಬೇಡ, ಅಲ್ಲಿ ಸುಳ್ಳು ನಂಬರು ನೆಟ್ಟು ಕಾಯುವವರಿದ್ದಾರೆ. ಮಗನ ದನಿಯಲ್ಲಿ ‘ಅಪಘಾತವಾಗಿದೆ, ಹಣ ಹಾಕಿ’ ಎಂದು ಕೇಳಿಸಿದರೂ ಇಟ್ಟು, ಮಗನ ಹಳೆಯ ನಂಬರಿಗೇ ಹಚ್ಚಿ. ನಿಜವಾದ ಬ್ಯಾಂಕಾಗಲಿ ನಿಜವಾದ ಮಗನಾಗಲಿ ನೀವು ಮತ್ತೆ ಕರೆ ಮಾಡುವ ಎರಡು ನಿಮಿಷ ಕಾಯುತ್ತಾರೆ. ಕಾಯಲು ಬಿಡದವನು ವಂಚಕ. ಅವನ ಸಂಪಾದನೆಯೆಲ್ಲ ಆ ಎರಡು ನಿಮಿಷ ನಿಮಗೆ ಸಿಗದಂತೆ ಮಾಡುವುದರಲ್ಲೇ ಇದೆ.

‘ಡಿಜಿಟಲ್ ಅರೆಸ್ಟ್’ ಎಂಬ ದಂಧೆ ನಿಂತಿರುವುದು ಇದರ ಮೇಲೆಯೇ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್‌ನಿಂದ ತೆಗೆದ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಗದರುತ್ತಾರೆ. ಆಮೇಲೆ ವಿಡಿಯೋ ಕರೆ, ಸಮವಸ್ತ್ರ, ಹಿಂದೆ ಗೋಡೆಯ ಮೇಲೆ ಲಾಂಛನ. ಕ್ಯಾಮೆರಾ ಆರಿಸಬೇಡಿ, ಮನೆಯವರಿಗೂ ಹೇಳಬೇಡಿ ಎಂಬ ಆಣತಿ. ಕೊನೆಗೆ, ಹಣವನ್ನು ‘ತಪಾಸಣೆಗಾಗಿ’ ಒಂದು ಖಾತೆಗೆ ಹಾಕಿ, ಮರಳಿ ಬರುತ್ತದೆ ಎನ್ನುತ್ತಾರೆ. ಓದಿದವರು ಇದಕ್ಕೆ ಬೀಳುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2024ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು 11.8 ಕೋಟಿ ರೂಪಾಯಿ ಕಳೆದುಕೊಂಡರು. 2025ರ ನವೆಂಬರಿನಲ್ಲಿ ವರದಿಯಾದ ಇನ್ನೊಂದರಲ್ಲಿ ಅದೇ ನಗರದ 57 ವರ್ಷದ ಮಹಿಳೆಯೊಬ್ಬರಿಂದ ಸುಮಾರು 32 ಕೋಟಿ ಹೋಯಿತು. ಕೊರಿಯರ್ ಹೆಸರಿನ ಒಂದು ಕರೆಯಿಂದ ಶುರುವಾದದ್ದು ತಿಂಗಳುಗಟ್ಟಲೆ ನಡೆದಿತ್ತು. ಇದರಲ್ಲಿ ಬುದ್ಧಿಯ ಕೊರತೆಯೇನೂ ಇಲ್ಲ. ಭಯ ಹುಟ್ಟಿಸಿ, ಜೊತೆಗಾರರಿಂದ ಬೇರ್ಪಡಿಸಿದರೆ ಯಾರಾದರೂ ಸೋಲುತ್ತಾರೆ. ಮಕ್ಕಳೆಲ್ಲ ಪರವೂರಿನಲ್ಲಿದ್ದು ದೊಡ್ಡ ಮನೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರು ಉಳಿದಿರುವ ಕಾಪು, ಉಡುಪಿ, ಮಣಿಪಾಲ, ಕಾರ್ಕಳದ ಕಡೆಯ ಮನೆಗಳನ್ನು ನೆನೆದಾಗ ನನಗೆ ಹೆಚ್ಚು ಆತಂಕವಾಗುವುದು ಈ ಬೇರ್ಪಡಿಸುವ ತಂತ್ರದ ಬಗ್ಗೆಯೇ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ವಿಡಿಯೋ ಕರೆಯಲ್ಲಿ ಬಂಧಿಸುವುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರ ಮುಂದೆ ಹಾಜರಾಗಬೇಕೆಂಬ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದು ಸಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ‘ಯಾರಿಗೂ ಹೇಳಬೇಡಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಪಕ್ಕದ ಮನೆಯವರನ್ನು ಕೂಗಿ ಕರೆಯಬೇಕು. ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರೆ ಆ ನಾಟಕ ಮುಂದೆ ಸಾಗುವುದು ಕಷ್ಟ.

ಕರೆಯೇ ಬಾರದೆ, ಒಟಿಪಿ ಕೇಳದೆ ಹಣ ಹೋಗುವುದೂ ಉಂಟು. ಕರಾವಳಿಯವರು ಇದನ್ನು 2023ರಲ್ಲಿ ಕಂಡರು. ಮಂಗಳೂರು ಕಡೆಯಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಯಿಂದ ಕೆಲವು ದಿನಗಳಲ್ಲೇ ಹಣ ಕಡಿತವಾಗತೊಡಗಿತು. ಅವರು ಯಾವ ಲಿಂಕೂ ಒತ್ತಿರಲಿಲ್ಲ, ಯಾರಿಗೂ ಸಂಖ್ಯೆ ಹೇಳಿರಲಿಲ್ಲ. ನೋಂದಣಿ ಪತ್ರಗಳ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಅದರಿಂದ ಕೃತಕ ಬೆರಳಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಒತ್ತಿ, ಹಣ ತೆಗೆಯುತ್ತಿದ್ದರು. ಈ ಕೃತ್ಯದಲ್ಲಿ ಮಂಗಳೂರು ಪೊಲೀಸರು ಬಂಧಿಸಿದವರು ಬಿಹಾರದವರು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ ಪಿಂಚಣಿ ತೆಗೆದುಕೊಳ್ಳುವ ಅಜ್ಜಿಗೆ ಅನುಕೂಲವಾಗಲೆಂದು ಬಂದದ್ದು ಈ ವ್ಯವಸ್ಥೆ. ಅದಕ್ಕೆ ಕಾರ್ಡು ಬೇಡ, ಪಿನ್ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟೇ ಸಾಕು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸುವುದು ಹೇಗೆ?

ಅದಕ್ಕಿರುವ ಉಪಾಯ ಬೀಗ. ಆಧಾರ್ ಪ್ರಾಧಿಕಾರದ ಅಧಿಕೃತ ಆ್ಯಪಿನಲ್ಲಿ ಅಥವಾ ಅದರ ಜಾಲತಾಣದಲ್ಲಿ ‘ಬಯೋಮೆಟ್ರಿಕ್ ಲಾಕ್’ ಎಂಬ ಅನುಕೂಲವಿದೆ. ಒಮ್ಮೆ ಹಾಕಿದರೆ ನಿಮ್ಮ ಬೆರಳು ಎಲ್ಲೂ ನಡೆಯುವುದಿಲ್ಲ, ನಿಮ್ಮದೇ ಬೆರಳು ಕೂಡ. ನ್ಯಾಯಬೆಲೆ ಅಂಗಡಿಗೋ ಸಿಮ್ ಕೊಳ್ಳಲೋ ಹೋಗುವ ಮುನ್ನ ತಾತ್ಕಾಲಿಕವಾಗಿ ತೆರೆಯಬೇಕು. ಸ್ವಲ್ಪ ಹೊತ್ತಿನಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಪಡಿತರ ತರುವ ಹಿರಿಯರಿಗೆ ಇದು ತೊಡಕೇ, ಮನೆಯ ಕಿರಿಯರು ಜೊತೆಗಿದ್ದು ಮಾಡಿಕೊಡಬೇಕು. ಆಧಾರ್ ಸಹಾಯವಾಣಿ 1947. ಲಾಡ್ಜಿನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಪೂರ್ತಿ ಸಂಖ್ಯೆಯ ಪ್ರತಿ ಬಿಟ್ಟು ಬರುವ ಬದಲು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಂಡು ಕೊಡುವುದು ಲೇಸು.

ಇನ್ನೊಂದು ದಾರಿ ಮದುವೆ ಕರೆಯೋಲೆ. ಮದುವೆ, ನೇಮ, ಬ್ರಹ್ಮಕಲಶ ಎಲ್ಲದರ ಆಮಂತ್ರಣ ಈಗ ವಾಟ್ಸಾಪಿನಲ್ಲೇ ಬರುವುದರಿಂದ ವಂಚಕರು ಅದೇ ವೇಷ ಹಾಕಿದರು. ಫೈಲಿನ ಹೆಸರು ಆಮಂತ್ರಣದ್ದು, ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ. ಚಿತ್ರ, ಪಿಡಿಎಫ್ ಎಂದರೆ ನೋಡುವ ವಸ್ತು. ಎಪಿಕೆ ಎಂದರೆ ಫೋನಿನೊಳಗೆ ಕೂತು ಕೆಲಸ ಮಾಡುವ ಆ್ಯಪ್. ಅದು ನಿಮ್ಮ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ಬಂದ ಒಟಿಪಿಗಳನ್ನೆಲ್ಲ ಸದ್ದಿಲ್ಲದೆ ವಂಚಕನಿಗೆ ದಾಟಿಸುತ್ತದೆ. ‘ನಾನು ಒಟಿಪಿ ಯಾರಿಗೂ ಹೇಳಲೇ ಇಲ್ಲ’ ಎಂದು ಅಳುವವರ ಮಾತು ಎಷ್ಟೋ ಸಲ ನಿಜವಾಗಿರುವುದು ಹೀಗೆ. ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಹೆಸರಿನಲ್ಲೂ ಇಂಥವು ಓಡಾಡುತ್ತಿವೆ. ಕಳಿಸಿದವರು ನಿಮ್ಮ ನೆಂಟರೇ ಇರಬಹುದು, ಅವರ ಫೋನು ಕೈತಪ್ಪಿದ್ದರೆ ಅವರ ಹೆಸರಿನಿಂದಲೇ ಬರುತ್ತದೆ. ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕಿಕೊಳ್ಳುವ ಅನುಮತಿಯನ್ನು ಫೋನಿನ ಸೆಟ್ಟಿಂಗಿನಲ್ಲಿ ಮುಚ್ಚಿಯೇ ಇಡಿ.

ಕಂಪ್ಯೂಟರ್ ಬಳಸುವವರಿಗೆ ಅಪಾಯ ಬರುವುದು ಹೆಚ್ಚಾಗಿ ಡೌನ್‌ಲೋಡಿನಿಂದ. ಕನ್ನಡ ಟೈಪು ಮಾಡಲು ‘ನುಡಿ’ ಬೇಕೆಂದು ಹುಡುಕುವವನಿಗೆ ದೊಡ್ಡ ಹಸಿರು ಗುಂಡಿಗಳ ನಕಲಿ ತಾಣಗಳು ಎದುರಾಗುತ್ತವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ತಂತ್ರಾಂಶವನ್ನು ಅಧಿಕೃತ ತಾಣದಿಂದಲೇ ಪಡೆಯಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಊರಿನ ಡಿಟಿಪಿ ಅಂಗಡಿ, ಸಹಕಾರ ಸಂಘ, ಶಾಲೆಗಳ ಹಳೆಯ ಯಂತ್ರಗಳಲ್ಲಿ ಈಗಲೂ ಅದೇ ಓಡುತ್ತಿದ್ದರೆ ಬ್ಯಾಂಕ್ ವ್ಯವಹಾರಕ್ಕೆ ಅವನ್ನು ಬಳಸದಿರುವುದು ಒಳ್ಳೆಯದು. ಇಮೇಲಿಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇರಲಿ, ಎರಡು ಹಂತದ ಪರಿಶೀಲನೆಯೂ ಇರಲಿ. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಕೊಂಡಿ ಬಂದು ಬೀಳುವುದು ಆ ಇಮೇಲಿಗೇ. ಬ್ಯಾಂಕಿನ ತಾಣಕ್ಕೆ ಹೋಗುವಾಗ ವಿಳಾಸದ ತುದಿ ನೋಡಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ ಕೊನೆಯೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕಿತ್ತು. ‘https://’ ಆದ ಮೇಲೆ ಬರುವ ಮೊದಲ ಓರೆಗೆರೆಗಿಂತ ಮುಂಚೆ, ಕಟ್ಟಕಡೆಯಲ್ಲಿ ಆ ಎರಡು ಪದ ಇರಬೇಕು, ನಡುವಿನಲ್ಲಿದ್ದರೆ ನಕಲಿ.

ಯುಪಿಐ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಪಿನ್ ಒತ್ತುವುದು ನಿಮ್ಮ ಖಾತೆಯಿಂದ ಹಣ ಹೋಗಲಿಕ್ಕೆ, ಬರಲಿಕ್ಕೆ ಎಂದೂ ಅಲ್ಲ. ಹೂವಿನ ಹಣ ಹಾಕುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವನು ಕೊಳ್ಳುವವನಲ್ಲ.

ಕಾಲೇಜಿನ ಹುಡುಗರಿಗೊಂದು ಮಾತು ಹೇಳಲೇಬೇಕು. ನಿನ್ನ ಖಾತೆಯನ್ನು ಬಳಸಲು ಕೊಡು, ತಿಂಗಳಿಗಿಷ್ಟು ಕಮಿಷನ್ ಕೊಡುತ್ತೇವೆ ಎಂದು ಟೆಲಿಗ್ರಾಂನಲ್ಲಿ ಕೇಳುವವರಿದ್ದಾರೆ. ಯಾರದೋ ಅಜ್ಜನಿಂದ ದೋಚಿದ ಹಣ ಮೊದಲು ಬಂದು ಬೀಳುವುದು ಇಂಥ ಬಾಡಿಗೆ ಖಾತೆಗೆ. ಪೊಲೀಸರು ಮೊದಲು ಬಾಗಿಲು ತಟ್ಟುವುದೂ ಆ ಖಾತೆಯ ಹೆಸರಿನವನದ್ದನ್ನೇ.

ಹಣ ಹೋಯಿತೆಂದು ತಿಳಿದ ಕ್ಷಣ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಹತ್ತಾರು ಖಾತೆಗಳಿಗೆ ಒಡೆದು ಹರಿದು ಕೊನೆಗೆ ಎಟಿಎಂನಿಂದಲೋ ಕ್ರಿಪ್ಟೋ ರೂಪದಲ್ಲೋ ಹೊರಬೀಳುತ್ತದೆ. 1930ರಲ್ಲಿ ದೂರು ದಾಖಲಾದರೆ ಸಂಬಂಧಪಟ್ಟ ಬ್ಯಾಂಕುಗಳಿಗೆ ಸೂಚನೆ ಹೋಗಿ, ಆ ಹಣ ಎಲ್ಲಿಗೆ ತಲುಪಿದೆಯೋ ಅಲ್ಲೇ ತಡೆಹಿಡಿಯುತ್ತಾರೆ. ಅರ್ಧ ಗಂಟೆಯೊಳಗೆ ಕೊಟ್ಟ ದೂರಿಗೂ ಎರಡು ದಿನ ಬಿಟ್ಟು ಕೊಟ್ಟ ದೂರಿಗೂ ಇರುವ ವ್ಯತ್ಯಾಸ ಇದೇ. ಎಸ್ಸೆಮ್ಮೆಸ್‌ನಲ್ಲಿರುವ ಹನ್ನೆರಡು ಅಂಕಿಯ ಯುಪಿಐ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಬ್ಯಾಂಕಿಗೂ ಕೂಡಲೇ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಒಟಿಪಿ ಹೇಳಿದ್ದರೂ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಬೆರಳಚ್ಚಿನಿಂದ ಹಣ ಕಳೆದುಕೊಂಡವರು ಆ ಮೂರು ದಿನದ ನಿಯಮವನ್ನು ತಿಳಿದಿರಲೇಬೇಕು.

ಆಮೇಲೆ ಉಡುಪಿಯ ಸೈಬರ್ ಅಪರಾಧ (ಸೆನ್) ಠಾಣೆಗೋ ಹತ್ತಿರದ ಠಾಣೆಗೋ ಲಿಖಿತ ದೂರು ಕೊಡಿ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಈಗ ಜಿಲ್ಲೆ ಜಿಲ್ಲೆಗೂ ಇಂಥ ಠಾಣೆಗಳಿವೆ. ತಡೆಹಿಡಿದ ಹಣ ತಾನಾಗಿ ಮನೆಗೆ ಬರುವುದಿಲ್ಲ, ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕುವ ದಾರಿಯಿದೆ. ಮನೆಯವರು ಬೈಯುತ್ತಾರೆಂದು ಬಾಯಿ ಬಿಡದೆ ದಿನ ಕಳೆಯುವ ಹಿರಿಯರಿಂದಾಗಿಯೇ ಅಮೂಲ್ಯ ಹೊತ್ತು ಹೋಗುತ್ತದೆ. ಮಕ್ಕಳು ಈ ಮಾತನ್ನು ಮೊದಲೇ ಹೇಳಿಟ್ಟಿರಬೇಕು: ಏನೇ ಆಗಲಿ ಬೈಯುವುದಿಲ್ಲ, ಮೊದಲು ನನಗೆ ಹೇಳಿ.

ದೂರು ಕೊಟ್ಟ ಕೆಲವು ದಿನಗಳ ಮೇಲೆ ಇನ್ನೊಂದು ಕರೆ ಬರಬಹುದು. ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಇಷ್ಟು ಶುಲ್ಕ ಕಟ್ಟಿ ಎನ್ನುತ್ತಾರೆ. ನೀವು ಎಷ್ಟು ಕಳೆದುಕೊಂಡಿರಿ ಎಂಬುದೂ ಅವರಿಗೆ ಸರಿಯಾಗಿ ಗೊತ್ತಿರುತ್ತದೆ, ಏಕೆಂದರೆ ಕದ್ದವರೇ ಅವರಾಗಿರಬಹುದು. ಹಣ ಮರಳಿಸಲು ಪೊಲೀಸರೂ 1930ರವರೂ ಶುಲ್ಕ ಕೇಳುವುದಿಲ್ಲ. ಆ ಕರೆಯನ್ನು ಇಟ್ಟು, ದೂರು ಕೊಟ್ಟ ಠಾಣೆಗೆ ನೀವೇ ಫೋನ್ ಮಾಡಿ ಕೇಳಿ.